ಮಗ್ಗ ನಿಂತರೆ ನಿಲ್ಲುವ ಕಾಲು

ಇದನ್ನು ನಾನು ಐದೈದು ಸಾಲು ಬರೆಯುತ್ತಿದ್ದೇನೆ. ಐದು ಸಾಲು ಆದ ಮೇಲೆ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ ಮತ್ತೆ ಬಂದು ಕೂಡುತ್ತೇನೆ. ಕೂತಲ್ಲಿ ಕೂಡುವ ಮನುಷ್ಯ ನಾನು ಮೊದಲೂ ಅಲ್ಲ, ಈಗಂತೂ ಅಲ್ಲವೇ ಅಲ್ಲ. ಇನ್ನೊಂದು ಕಾರಣವೂ ಇದೆ. ಮೊದಲ ಸಾಲಿನಲ್ಲಿ ನನ್ನ ಅಕ್ಷರ ಕಡಲೆಕಾಳಿನಷ್ಟಿದ್ದರೆ ಐದನೆಯ ಸಾಲಿಗೆ ಸಾಸಿವೆಯಷ್ಟಾಗುತ್ತದೆ. ಬೇಕಂತ ಮಾಡುವುದಲ್ಲ, ಕೈ ತಾನೇ ಹಾಗೆ ಮಾಡುತ್ತದೆ. ಎದ್ದು ತಿರುಗಾಡಿ ಬಂದರೆ ಮತ್ತೆ ಕಡಲೆಕಾಳು. ಆರನೆಯ ತರಗತಿ ಅರ್ಧಕ್ಕೆ ಬಿಟ್ಟು ಮಗ್ಗಕ್ಕೆ ಕೂತವನು ನಾನು. ತಪ್ಪಿದ್ದರೆ ಸೊಸೆ ತಿದ್ದುತ್ತಾಳೆ. ಮಾತು ಮಾತ್ರ ನನ್ನದೇ.

ಬನಹಟ್ಟಿಯಲ್ಲಿ ನಮ್ಮ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಮನೆಯ ಹಿಂದೆ ತಗಡಿನ ಸೂರಿನ ಕೆಳಗೆ ಎಂಟು ಪವರ್‌ಲೂಮ್ ಮಗ್ಗ. ಎಂಟೂ ಒಮ್ಮೆಗೆ ನಡೆದರೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ನಮ್ಮೂರ ನೇಕಾರರು ಕೈಯಲ್ಲೇ ಮಾತಾಡುತ್ತೇವೆ. ಎರಡು ಬೆರಳನ್ನು ಕತ್ತರಿಯಂತೆ ಮಾಡಿದರೆ ಎಳೆ ಹರಿದಿದೆ. ಅಂಗೈಯನ್ನು ನೆಲಕ್ಕೆ ಮಾಡಿದರೆ ಮಗ್ಗ ನಿಲ್ಲಿಸು. ಸೊಂಟದ ಹತ್ತಿರ ಬಲಗೈ ಅಲ್ಲಾಡಿಸಿದರೆ ಕಂಡಿಕೆ ತಾ. ಕಂಡಿಕೆ ಎಂದರೆ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಸಣ್ಣ ಕೊಳವೆ. ನಮ್ಮಲ್ಲಿ ಕಂಡಿಕೆ ಸುತ್ತುವವಳು ನನ್ನ ಹೆಂಡತಿ ಶಾಂತವ್ವ. ಬಾಗಿಲ ಪಕ್ಕದಲ್ಲಿ ಕೂತು ಸುತ್ತುತ್ತಾಳೆ, ಕೈ ಕಂಡಾಗ ತಂದು ಕೊಡುತ್ತಾಳೆ.

ಒಂದು ಮಧ್ಯಾಹ್ನ ನೋಡುತ್ತೇನೆ, ನನ್ನ ಮಗ್ಗದ ಪಕ್ಕದ ಬುಟ್ಟಿ ತುಂಬಿ ಕಂಡಿಕೆ ನೆಲಕ್ಕೆ ಉರುಳುತ್ತಿವೆ. ಅವಳು ಮತ್ತೊಂದು ಉಡಿ ತುಂಬ ತಂದು ಸುರಿದಳು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಕರೆಂಟು ಹೋಗಿ ಕಾರ್ಖಾನೆ ಗಪ್ ಆಯಿತು.

"ಇಷ್ಟ್ಯಾಕ ತಂದು ಸುರವಾಕತ್ತಿ? ಮಾರಾಕ ಇಡತೀ ಏನ?" ಅಂದೆ.

"ಮುಂಜಾನಿಂದ ನೀವು ಕೈ ಅಲ್ಲಾಡಸಾಕತ್ತೀರಿ. ನಾ ತಂದು ಹಾಕಾಕತ್ತೇನಿ," ಅಂದಳು. ಆಮೇಲೆ ನನ್ನ ಸೊಂಟದ ಕಡೆ ನೋಡಿ, ದನಿ ಇಳಿಸಿ, "ಈಗೂ ಕೇಳಾಕತ್ತೀರಿ," ಅಂದಳು.

ಕೆಳಗೆ ನೋಡಿದೆ. ಬಲಗೈ ತಾನಾಗಿಯೇ ಅಲ್ಲಾಡುತ್ತಿತ್ತು. ನಾನು ಅದಕ್ಕೆ ಏನೂ ಹೇಳಿರಲಿಲ್ಲ.

ಅಂದಿನಿಂದ ಆ ಕೈಯನ್ನು ಹೆಗಲ ಮೇಲಿನ ಟವಲಿನ ಕೆಳಗೆ ಮುಚ್ಚಿಡಲು ಶುರು ಮಾಡಿದೆ. ಇಪ್ಪತ್ತು ಮಗ್ಗದವರ ನಡುವೆ ಕಣ್ಣು ಮುಚ್ಚಿ ಗಂಟು ಹಾಕುವವನೆಂದು ಹೆಸರು ಮಾಡಿದವನು ನಾನು. ರಬಕವಿಯ ಸೀರೆ ವ್ಯಾಪಾರಿಗಳು ಬಟ್ಟೆಯ ಹಿಂಬದಿ ತಿರುಗಿಸಿ ಗಂಟು ಹುಡುಕಿ ಸೋತು ನಗುತ್ತಿದ್ದರು. ಈಗ ಒಂದು ಎಳೆಗೆ ಗಂಟು ಹಾಕಲು ಮೂರು ಸಲ ಕೈ ತಪ್ಪುತ್ತಿತ್ತು. ನನ್ನ ದನಿ ಕೂಡ ಸಣ್ಣದಾಗಿತ್ತಂತೆ. ಆಗ ಅದು ಯಾರ ಗಮನಕ್ಕೂ ಬರಲಿಲ್ಲ. ಮಗ್ಗದ ಸದ್ದಿನಲ್ಲಿ ಯಾರ ದನಿ ದೊಡ್ಡದು?

ಇದೆಲ್ಲ ಕೈಯ ಮಾತಾಯಿತು. ನನ್ನನ್ನು ನಿಜಕ್ಕೂ ಹೆದರಿಸಿದ್ದು ಕಾಲು.

ಒಂದು ದಿನ ಎರಡು ಮಗ್ಗದ ನಡುವಿನ ಸಂದಿಯಲ್ಲಿ ನಡೆದು ಬರುತ್ತಿದ್ದೆ. ಕರೆಂಟು ಹೋಯಿತು. ಮಗ್ಗ ನಿಂತವು. ಅವುಗಳ ಜೊತೆ ನನ್ನ ಕಾಲೂ ನಿಂತವು. ನೋವಿಲ್ಲ, ಸೆಳೆತವಿಲ್ಲ, ಜೋಮು ಹಿಡಿದಿಲ್ಲ. ಹೋಗು ಅಂದರೆ ಹೋಗುತ್ತಿಲ್ಲ, ಅಷ್ಟೇ. ಅಂಗಾಲಿಗೆ ಯಾರೋ ಗೋಂದು ಬಳಿದು ನೆಲಕ್ಕೆ ಹಚ್ಚಿದಂತೆ. ಶಾಂತವ್ವ ಬಂದು ಕೈ ಚಾಚಿದಳು. ನಾನು ಅದನ್ನು ದೂಡಿದೆ. "ನಾ ಏನ ಕುರುಡ ಅಲ್ಲ," ಅಂದೆ. ಕರೆಂಟು ಬಂದು ಮಗ್ಗ ಶುರುವಾದ ಕೂಡಲೇ ಏನೂ ಆಗಿಲ್ಲ ಎನ್ನುವಂತೆ ನಡೆದು ಹೋದೆ.

ಕುರುಡ ಅಂದದ್ದು ಸುಮ್ಮನೆ ಬಂದ ಮಾತಲ್ಲ. ನಮ್ಮಪ್ಪನಿಗೆ ಕೊನೆಯ ಮೂರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಬಚ್ಚಲಿಗೆ, ಕಟ್ಟೆಗೆ, ಊಟಕ್ಕೆ ಕೈ ಹಿಡಿದು ನಡೆಸುತ್ತಿದ್ದವನು ನಾನು. ಮೊದಲ ವರ್ಷ ಛಲೋ ನಡೆಸಿದೆ. ಆಮೇಲೆ ಮಗ್ಗ ನಿಲ್ಲಿಸಿ ಬರಬೇಕಲ್ಲ ಎಂದು ಅವಸರ ಮಾಡತೊಡಗಿದೆ. ಒಂದು ದಿನ ಅವರ ಕೈಯನ್ನು ಜಗ್ಗಿ ಎಳೆದೆ. ಬೀಳಲಿಲ್ಲ, ತಡೆದುಕೊಂಡರು. ಏನೂ ಅನ್ನಲಿಲ್ಲ. ಮರುದಿನದಿಂದ ಕರೆದರೆ "ಬ್ಯಾಡ ತಮ್ಮಾ, ಇಲ್ಲೇ ಕುಂದರತೇನಿ," ಎನ್ನುತ್ತಿದ್ದರು. ಹಾಗೆ ಕೂತೇ ಹೋದರು.

ಕೈ ಹಿಡಿದು ನಡೆಸುವವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಅಂದು ನಿರ್ಧಾರ ಮಾಡಿದೆ: ಏನಾದರೂ ಆಗಲಿ, ಇನ್ನೊಬ್ಬರ ಕೈ ಹಿಡಿದು ನಡೆಯುವವನು ನಾನಲ್ಲ.

ಮೂರು ಕಡೆ ತೋರಿಸಿದೆವು. ಒಬ್ಬರು ನರದ ಶಕ್ತಿಗೆಂದು ಸೂಜಿ ಮಾಡಿದರು. ಜಮಖಂಡಿಯ ಇನ್ನೊಬ್ಬರು ಎಣ್ಣೆ ತಿಕ್ಕಿ ಅಂದರು. ಶಾಂತವ್ವ ಮನೆಯಲ್ಲಿ ದೃಷ್ಟಿ ತೆಗೆದಳು. ಕೊನೆಗೆ ನಮ್ಮ ಮಗ ಈರಣ್ಣ ಕಾರ್ಖಾನೆಗೆ ಒಂದು ದಿನ ರಜೆ ಮಾಡಿ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತ. ನಾನೂ ಶಾಂತವ್ವನೂ ಕಬ್ಬಿಣದ ಕುರ್ಚಿಯಲ್ಲಿ ಕೂತೆವು.

ಕಾಯುವುದು ಎಷ್ಟು ಕೆಟ್ಟದ್ದು ಎಂದು ಅಲ್ಲಿ ಕೂತವರಿಗೇ ಗೊತ್ತು. ನಾನು ಏಳುವುದು, ಗೋಡೆಯ ಮೇಲಿನ ಬೋರ್ಡು ಓದುವುದು, ಕೂಡುವುದು, ನೀರು ಕುಡಿಯುವುದು, ಮತ್ತೆ ಏಳುವುದು. ಎದುರಿನ ಸಾಲಿನಲ್ಲಿ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಮುದುಕರೊಬ್ಬರು ಕೂತಿದ್ದರು. ತೊಡೆಯ ಮೇಲೆ ಸ್ಟೀಲ್ ಊಟದ ಡಬ್ಬಿ. ನನ್ನನ್ನು ನೋಡುತ್ತ ಕೂತಿದ್ದರು. ಅವರ ಕೈಯೂ ಅಲ್ಲಾಡುತ್ತಿತ್ತು. ಅವರು ಅದನ್ನು ಮುಚ್ಚಿಕೊಂಡಿರಲಿಲ್ಲ.

ನನ್ನ ಹೆಸರು ಕೂಗಿದರು. ಎದ್ದು ಎಂಟು ಹೆಜ್ಜೆ ಹೋದೆ. ಡಾಕ್ಟರ ಬಾಗಿಲ ಹೊಸ್ತಿಲಿಗೆ ಬಂದು ನಿಂತುಬಿಟ್ಟೆ. ಹಿಂದಿನಿಂದ ಮತ್ತೆ ಹೆಸರು ಕೂಗಿದರು. ಕೂತ ನಲವತ್ತು ಮಂದಿ ನನ್ನ ಬೆನ್ನನ್ನು ನೋಡುತ್ತಿದ್ದಾರೆ. ಶಾಂತವ್ವ ಪಕ್ಕಕ್ಕೆ ಬಂದಳು, ಕೈ ಮಾತ್ರ ಚಾಚಲಿಲ್ಲ. ಆಗ ಹಿಂದೆ ಡಬ್ಬಿ ಬಾರಿಸಿದ ಸದ್ದು ಬಂತು. ಡಬ್ಬ್ ಡಬ್ಬ್ ಡಬ್ಬ್, ಸಮನಾಗಿ. ನನ್ನ ಎಡಗಾಲು ಎದ್ದಿತು. ನಾನು ಎತ್ತಲಿಲ್ಲ, ಅದೇ ಎದ್ದಿತು. ಹೊಸ್ತಿಲು ದಾಟಿ ಒಳಗೆ ಹೋದೆ.

ಒಳಗೆ ಡಾಕ್ಟರಮ್ಮ ಬೆರಳಿಗೆ ಬೆರಳು ತಟ್ಟಿಸಿದರು, ಸುರುಳಿ ಬರೆಸಿದರು, ನಡೆಸಿದರು, ಹಿಂದಿನಿಂದ ಭುಜ ಜಗ್ಗಿ ನೋಡಿದರು. ಆಮೇಲೆ ಸುತ್ತು ಬಳಸದೆ ಹೇಳಿದರು, ಇದಕ್ಕೆ ಪಾರ್ಕಿನ್ಸನ್ ಅನ್ನುತ್ತಾರೆ ಎಂದು. ಇನ್ನೊಬ್ಬರಿಗೆ ಅಂಟುವುದಿಲ್ಲ. ಶಾಪವಲ್ಲ. ಗುಳಿಗೆ ದಿನಕ್ಕೆ ಮೂರು ಹೊತ್ತು, ಹೇಳಿದ ಹೊತ್ತಿಗೇ ತಗೋಬೇಕು. ನಮ್ಮ ಹಿಂದೆಯೇ ಒಳಗೆ ಬಂದಿದ್ದ ಈರಣ್ಣ ಎಷ್ಟು ದಿನಕ್ಕೆ ಕಡಿಮೆಯಾಗುತ್ತದೆ ಎಂದು ಕೇಳಿದ.

"ಇದು ಹೋಗೂ ಬ್ಯಾನಿ ಅಲ್ಲ," ಅಂದರು ಆಕೆ. "ಆದ್ರ ಇದರ ಜೋಡಿ ಭಾಳ ವರ್ಷ ಬಾಳೇ ಮಾಡಬಹುದು. ಕುಂದರಬ್ಯಾಡ್ರಿ ಅಷ್ಟ. ನಡೀರಿ, ಕುಣೀರಿ, ಏನರೆ ಮಾಡ್ರಿ."

ಕುಣಿಯುವ ಮಾತನ್ನು ನಾನು ಚೇಷ್ಟೆ ಎಂದುಕೊಂಡೆ. ದುಡಿಯುವ ಮನುಷ್ಯನಿಗೆ ಹೇಳುವ ಮಾತೇ ಅದು?

ಹೊರಗೆ ಬಂದು ಆ ಕಂಬಳಿಯ ಮುದುಕರನ್ನು ಕಂಡೆ. ಹೆಸರು ಭೀಮಪ್ಪ, ಬೀಳಗಿ ತಾಲೂಕಿನ ಅನಗವಾಡಿಯವರು. ಬೀರೇಶ್ವರ ದೇವರ ಮುಂದೆ ನಲವತ್ತು ವರ್ಷ ಡೊಳ್ಳು ಬಾರಿಸಿದವರು. ಈ ಬ್ಯಾನಿ ಅವರಿಗೆ ನನಗಿಂತ ಐದು ವರ್ಷ ಮೊದಲು ಬಂದಿತ್ತು. "ಕುರಿ ಹಿಂದ ಹೋಗಾಕ ಆಗೂದಿಲ್ಲ ನನಗ," ಅಂದರು. "ಡೊಳ್ಳ ಕೊರಳಾಗ ಹಾಕ್ರಿ, ಊರ ಸುತ್ತ ಬರತೇನಿ. ಕಾಲಿಗೆ ಕಿವಿ ಅದಾವ್ರಿ."

ಬಸ್ಸಿನಲ್ಲಿ ಈರಣ್ಣ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಬೀಳಗಿ ದಾಟಿದ ಮೇಲೆ ಶಾಂತವ್ವ ಬಾಯಿ ತೆರೆದಳು.

"ನನ್ನ ಜೋಡಿ ಮೂವತ್ತನಾಕ ವರ್ಷ ಬಾಳೇ ಮಾಡೀರಿ. ಇದರ ಜೋಡಿ ಆಗೂದಿಲ್ಲೇನ?"

ನಗು ಬಂತು. ನಗಲಿಲ್ಲ. ಆ ಹೊತ್ತಿಗೆ ನಗುವುದು ಸೋಲು ಅನ್ನಿಸಿತ್ತು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗ್ಗದವನಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಿಕ್ಕಿಲ್ಲ. ನನ್ನ ತಲೆಯಲ್ಲಿದ್ದದ್ದು ಇಷ್ಟು: ಮಗ್ಗ ನಡೆಯುವಾಗ ನನ್ನ ಕಾಲು ನಡೆಯುತ್ತವೆ. ಮಗ್ಗ ನಿಂತಾಗ ನಿಲ್ಲುತ್ತವೆ. ಅಂದಮೇಲೆ ಬ್ಯಾನಿ ಇರುವುದು ಬಿಡುವಿನಲ್ಲಿ, ದುಡಿತದಲ್ಲಿ ಅಲ್ಲ. ಹೆಚ್ಚು ದುಡಿದರೆ ಅದು ತಾನೇ ಬಿಟ್ಟು ಹೋಗಬೇಕು. ಭೀಮಪ್ಪ ಹೇಳಿದ್ದು ಅರ್ಧ ಮಾತ್ರ ಕಿವಿಗೆ ಹೋಗಿತ್ತು. ಸದ್ದು ಕಾಲನ್ನು ನಡೆಸುತ್ತದೆ ಎಂದು ಅವರು ಹೇಳಿದರೆ, ದುಡಿತ ನಡೆಸುತ್ತದೆ ಎಂದು ನಾನು ತಿಳಿದೆ. ಒಂದು ಪಾಳಿಯ ಬದಲು ಎರಡು ಪಾಳಿ ನಿಂತೆ. ಗುಳಿಗೆಯನ್ನು ಮೂರು ಹೊತ್ತಿನಿಂದ ಒಂದು ಹೊತ್ತಿಗೆ ತಂದೆ. ಉಳಿದದ್ದನ್ನು ನೂಲಿನ ಚೀಲದ ಹಿಂದೆ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದೆ. ಎರಡು ತಿಂಗಳು ನಾನು ಗೆದ್ದೆ ಎಂದೇ ಅನ್ನಿಸಿತು. ಊಟಕ್ಕೆ ಬಂದರೆ ಮೈಯೆಲ್ಲ ಕಟ್ಟಿಗೆ, ಮಗ್ಗದ ಮುಂದೆ ನಿಂತರೆ ಹಗುರ. ಹಾಗಾಗಿ ಊಟವನ್ನೂ ಮಗ್ಗದ ಪಕ್ಕದಲ್ಲೇ ಮಾಡಿದೆ.

ಬೇಸಿಗೆಯ ಒಂದು ಮಧ್ಯಾಹ್ನ, ಎರಡೂ ಕೈಯಲ್ಲಿ ಕಂಡಿಕೆಯ ಬುಟ್ಟಿ ಹಿಡಿದು ಸಂದಿಯಲ್ಲಿ ಬರುತ್ತಿದ್ದೆ. ಕರೆಂಟು ಹೋಯಿತು. ಕಾಲು ನಿಂತವು. ಮೈ ನಿಲ್ಲಲಿಲ್ಲ. ಎದುರಿಗೆ ಈರಣ್ಣ ನಿಂತಿದ್ದ, ಅವನ ಮುಂದೆ ನಿಲ್ಲಬಾರದೆಂದು ನಾನು ಮುಂದಕ್ಕೆ ಜೋರು ಮಾಡಿದೆ. ಎದೆ ಮುಂದೆ ಹೋಯಿತು, ಪಾದ ಹಿಂದೆ ಉಳಿಯಿತು. ಹಣೆ ಮಗ್ಗದ ಕಬ್ಬಿಣಕ್ಕೆ ಬಡಿಯಿತು. ನೆಲದಲ್ಲಿ ಬಿದ್ದು ನೋಡುತ್ತೇನೆ, ಕಂಡಿಕೆಗಳು ಬಣ್ಣ ಬಣ್ಣದ ನೂಲು ಬಿಡುತ್ತ ಎಲ್ಲ ಕಡೆ ಉರುಳುತ್ತಿವೆ. ಹಸಿರು ನೂಲೊಂದು ಕೆಂಪಾಗುತ್ತಿತ್ತು. ಅದು ಬಣ್ಣವಲ್ಲ.

ನಾಲ್ಕು ಹೊಲಿಗೆ ಬಿದ್ದವು. ಈರಣ್ಣ ಗುಳಿಗೆಯ ಡಬ್ಬಿಯನ್ನೂ ಹುಡುಕಿ ತೆಗೆದ. ನನ್ನ ಮುಂದೆ ಸುರಿದ. ಬೈಯಲಿಲ್ಲ, ಬೈದಿದ್ದರೆ ನಾನೂ ಬೈಯಬಹುದಿತ್ತು.

"ಮಗ್ಗ ಚಾಲೂ ಇದ್ದಾಗ ಬಿದ್ದಿದ್ರ ಏನಾಗ್ತಿತ್ತು, ಅಪ್ಪಾ? ನೀ ಇನ್ನ ಮನ್ಯಾಗ ಕುಂದರು," ಅಂದ. ಮನೆಯಿಂದ ಕಾರ್ಖಾನೆಗೆ ಹೋಗುವ ಬಾಗಿಲಿಗೆ ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಕುಂದರು. ನಮ್ಮಪ್ಪ ಕೂತ ಹಾಗೆ.

ಆ ತಿಂಗಳನ್ನು ಹೇಗೆ ಹೇಳಲಿ? ಗುಳಿಗೆ ಸರಿಯಾಗಿ ಮೂರು ಹೊತ್ತು ತಗೊಂಡೆ, ಸೊಸೆ ಎದುರಿಗೆ ನಿಂತು ನುಂಗಿಸುತ್ತಿದ್ದಳು. ಕೈಯ ನಡುಕ ಇಳಿಯಿತು. ಮೈಯ ಕಟ್ಟಿಗೆ ಸ್ವಲ್ಪ ಸಡಿಲಾಯಿತು. ಆದರೆ ಮನಸ್ಸು ಕೂಡಲೊಲ್ಲದು. ಗೋಡೆಯಾಚೆ ಎಂಟು ಮಗ್ಗ ನಡೆಯುತ್ತಿವೆ, ಮೂರನೆಯ ಮಗ್ಗದ ಸದ್ದು ಕೆಟ್ಟಿದೆ ಎಂದು ಇಲ್ಲಿಂದಲೇ ಗೊತ್ತಾಗುತ್ತದೆ, ಹೋಗಿ ಹೇಳುವಂತಿಲ್ಲ. ಅಂಗಳದಲ್ಲಿ ತಿರುಗಿದೆ. ನೀರಿನ ತೊಟ್ಟಿ ತಿಕ್ಕಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಹೊಸ್ತಿಲು ಬಂದರೆ ನಿಲ್ಲುವುದು, ಯಾರಾದರೂ ನೋಡುತ್ತಾರೆಂದು ಚಪ್ಪಲಿ ಹುಡುಕುವಂತೆ ನಟಿಸುವುದು. ಎಷ್ಟು ಸಲ ಹುಡುಕಿದೆನೆಂದರೆ ಸೊಸೆ ನನ್ನ ಚಪ್ಪಲಿಯನ್ನು ಹೊಸ್ತಿಲ ಮೇಲೆಯೇ ಇಡತೊಡಗಿದಳು.

ಇದರ ನಡುವೆ ಒಂದು ಸಂಗತಿ ಗಮನಕ್ಕೆ ಬಂತು. ದಿನಾ ಸಂಜೆ ಐದಕ್ಕೆ ಶಾಂತವ್ವ ಗುಡಿಗೆ ಹೋಗುತ್ತೇನೆಂದು ಹೊರಡುತ್ತಿದ್ದಳು. ಆರೂವರೆಗೆ ಬರುವಾಗ ಬೆವತಿರುತ್ತಿದ್ದಳು. ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತದವಳು ಈಗ ಮಾಳಿಗೆಗೆ ಸರಸರ ಹೋಗುತ್ತಿದ್ದಳು. ಯಾವ ದೇವರು ಇಷ್ಟು ಬೆವರಿಸುತ್ತಾನೆ ನೋಡೋಣ ಎಂದು ಒಂದು ದಿನ ಹಿಂದೆಯೇ ಹೋದೆ. ಗುಡಿ ದಾಟಿ, ರಬಕವಿ ರಸ್ತೆಯ ಸಮುದಾಯ ಭವನಕ್ಕೆ ಹೋದಳು. ನಾನು ಬಾಗಿಲ ತನಕ ಹೋಗಿ, ಎಂದಿನಂತೆ ಹೊಸ್ತಿಲಲ್ಲಿ ನಿಂತೆ.

ಒಳಗೆ ಮೂವತ್ತು ಮಂದಿ. ಗಂಡಸರು, ಹೆಂಗಸರು, ಎಲ್ಲ ಐವತ್ತು ಅರವತ್ತು ದಾಟಿದವರು. ಎರಡು ದುಂಡು ಮಾಡಿ ನಿಂತಿದ್ದರು, ಒಂದರೊಳಗೊಂದು, ಮುಖಕ್ಕೆ ಮುಖ. ನಡುವೆ ಕೊರಳಲ್ಲಿ ಸೀಟಿ ಹಾಕಿಕೊಂಡ ಹೆಂಗಸೊಬ್ಬರು. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರು ಸ್ಪೀಕರಿನ ಗುಂಡಿ ಒತ್ತಿದರು. ತಮಟೆಯಂಥ ಹಲಗೆಯ ಬಡಿತ ಬಂತು. ಎಲ್ಲರೂ ಒಮ್ಮೆಗೆ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹಿಂದೆ, ಎರಡು ಚಪ್ಪಾಳೆ, ಎದುರಿನವರ ಜೊತೆ ಒಂದು ತಿರುವು. ಆಮೇಲೆ ಹೊರಗಿನ ದುಂಡಿನವರು ಒಬ್ಬೊಬ್ಬರಂತೆ ಮುಂದಕ್ಕೆ ಸರಿದರು. ಹೊಸ ಜೋಡಿ, ಮತ್ತೆ ಅದೇ ಹೆಜ್ಜೆ, ಅದೇ ಕ್ರಮ. ಯಾರೂ ತಮ್ಮದೇ ಆಟ ತೋರಿಸುವಂತಿಲ್ಲ. ಎಲ್ಲರಿಗೂ ಒಂದೇ. ನನಗೆ ಅದು ಕುಣಿತ ಅನ್ನಿಸಲಿಲ್ಲ, ನೇಯ್ಗೆ ಅನ್ನಿಸಿತು. ಒಂದು ಸಾಲು ಹೋಗುತ್ತದೆ, ಒಂದು ಬರುತ್ತದೆ, ಬಡಿತ ಬೀಳುತ್ತದೆ.

ಶಾಂತವ್ವ ನನ್ನನ್ನು ನೋಡಿದಳು. ನಿಲ್ಲಲಿಲ್ಲ. ತಿರುವು ಮುಗಿಸಿ ಮುಂದಿನವರ ಎದುರಿಗೆ ಸರಿದಳು.

ದುಂಡಿನಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. "ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ, ಮುಂದ ಜಾಗಾ ಖಾಲಿ ಐತಿ," ಅಂದರು. ಎಲ್ಲರೂ ನಕ್ಕರು. ನಾನು ನೋಡುವಷ್ಟರಲ್ಲಿ ನನ್ನ ಪಾದ ಹೊಸ್ತಿಲು ದಾಟಿ ಒಳಗಿತ್ತು. ಹಲಗೆ ಬಡಿಯುತ್ತಿತ್ತಲ್ಲ. ಆಗ ಭೀಮಪ್ಪನ ಉಳಿದ ಅರ್ಧ ಮಾತು ತಲೆಗೆ ಹೋಯಿತು.

ಮನೆಗೆ ಬರುವಾಗ ಗುಡಿಯ ಸುಳ್ಳಿಗೆ ಶಾಂತವ್ವನನ್ನು ಬೈದೆ. ನೀವು ಅಂಗಳದಲ್ಲಿ ಗಾಣದ ಎತ್ತಿನಂತೆ ತಿರುಗುವುದನ್ನು ನೋಡಿ ನೋಡಿ ನನಗೂ ಹುಚ್ಚು ಹಿಡಿಯುವಂತಾಗಿತ್ತು, ಒಂದು ತಾಸಾದರೂ ನಕ್ಕು ಬರೋಣವೆಂದು ಹೋದೆ, ಹೇಳಿದರೆ ಬಿಡುತ್ತಿರಲಿಲ್ಲ ಎಂದಳು. ಖರೆ ಇತ್ತು.

ಮರುದಿನದಿಂದ ಇಬ್ಬರೂ ಹೋದೆವು. ಮೊದಲ ವಾರ ನಾನು ಎಲ್ಲರನ್ನೂ ತುಳಿದೆ. ಹಿಂದೆ ಹೋಗಬೇಕಾದಾಗ ಮುಂದೆ ಹೋಗಿ ಕಿರಾಣಿ ಅಂಗಡಿಯ ಕಸ್ತೂರಮ್ಮನವರಿಗೆ ಢಿಕ್ಕಿ ಹೊಡೆದೆ. ಕಂಡಕ್ಟರ್ ಪ್ರತಿ ತಿರುವಿಗೂ "ರೈಟ್, ರೈಟ್" ಅನ್ನುತ್ತಿದ್ದರು. ಹದಿನೈದು ದಿನಕ್ಕೆ ಆ ಕುಣಿತದ ನಾಲ್ಕೂ ಭಾಗದ ಹೆಜ್ಜೆ ಕೂತವು. ಅಕ್ಕೋರು ಎಲ್ಲರಿಗೂ ಗಟ್ಟಿಯಾಗಿ ಎಣಿಸಲು ಹೇಳುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಎಣಿಸಿ ಎಣಿಸಿ ನನ್ನ ದನಿ ಮೇಲೆದ್ದಿತು. ಸೊಸೆ ಅಡುಗೆಮನೆಯಿಂದಲೇ, ಮಾವ ಕರೆದದ್ದು ಕೇಳಿಸಿತು ಎಂದು ಆಶ್ಚರ್ಯಪಟ್ಟಳು. ನಿದ್ದೆ ಬಂತು. ಊಟ ಸೇರಿತು. ದಿನಕ್ಕೆ ಒಂದು ತಾಸು ಬ್ಯಾನಿಯ ನೆನಪೇ ಇರುತ್ತಿರಲಿಲ್ಲ, ಅದಕ್ಕಿಂತ ದೊಡ್ಡ ಔಷಧ ನನಗೆ ಗೊತ್ತಿಲ್ಲ. ಮೊದಲು ದುಡಿತ ಬಿಟ್ಟರೆ ಬೇರೆ ಸುಖ ಗೊತ್ತಿರದ ಮನುಷ್ಯ ನಾನು. ಸಂಜೆ ನಾಲ್ಕೂವರೆಗೆ ಹೊಸ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತು, ಶಾಂತವ್ವನಿಗೆ ತಡವಾಯಿತು ನಡಿ ಎಂದು ಕಾಟ ಕೊಡತೊಡಗಿದೆ.

ಒಂದು ಮಾತ್ರ ಮಾಡಲಿಲ್ಲ. ಕೈ ಕೊಡಲಿಲ್ಲ.

ನಾಲ್ಕನೆಯ ಭಾಗದಲ್ಲಿ ಎದುರಿನವರ ಎರಡೂ ಕೈಯನ್ನು ಅಡ್ಡಡ್ಡ ಹಿಡಿದು, ಇಬ್ಬರೂ ಹಿಂದಕ್ಕೆ ವಾಲಿ ಒಂದು ಸುತ್ತು ತಿರುಗಬೇಕು. ಹೆಣ್ಣುಮಕ್ಕಳು ಫುಗಡಿ ಆಡುತ್ತಾರಲ್ಲ, ಹಾಗೆ. ಆ ಭಾಗ ಬಂದರೆ ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿ ಒಬ್ಬನೇ ತಿರುಗುತ್ತಿದ್ದೆ. ನನ್ನೆದುರು ಬಂದವರೂ ಒಬ್ಬರೇ ತಿರುಗಬೇಕಾಗುತ್ತಿತ್ತು. ಗಂಡಸರೇ ಬರಲಿ, ಹೆಂಗಸರೇ ಬರಲಿ, ಹಾಗೆಯೇ. ಕಸ್ತೂರಮ್ಮ ಒಂದು ದಿನ "ನಮ್ಮ ಕೈಗೆ ಮುಳ್ಳ ಅದಾವೇನ್ರಿ?" ಅಂದರು. ಅಕ್ಕೋರಂತೂ ನೇರವಾಗಿಯೇ ಹೇಳಿದರು, ಕೈ ಕೊಡದವರು ನಾಲ್ಕನೆಯ ಭಾಗಕ್ಕೆ ಗೋಡೆಯ ಕಡೆ ನಿಲ್ಲಬೇಕು, ದುಂಡು ಕೆಡುತ್ತದೆ ಎಂದು. ನಾನು ಗೋಡೆಯ ಕಡೆ ನಿಂತೆ. ದಿನಾ ನಿಂತೆ. ನನ್ನ ಖಾಲಿ ಜಾಗಕ್ಕೆ ಎದುರಾದವರು ಒಬ್ಬರೇ ತಿರುಗುತ್ತಿದ್ದರು, ಶಾಂತವ್ವ ಕೂಡ. ಒಂದು ಸಂಜೆ ಅಕ್ಕೋರೇ ಮರೆತು ನನ್ನನ್ನು ಗೋಡೆಗೆ ಕಳಿಸಲಿಲ್ಲ, ನಾನೂ ಹೋಗಲಿಲ್ಲ.

ಅಂದು ಮೂರನೆಯ ಭಾಗ ಮುಗಿದು ಹೊರಗಿನ ದುಂಡು ಸರಿಯಿತು. ನನ್ನೆದುರು ಬಂದವಳು ಶಾಂತವ್ವ. ನಾಲ್ಕನೆಯದರ ಮೊದಲ ಹೆಜ್ಜೆ ಇಡಬೇಕು, ಕರೆಂಟು ಹೋಯಿತು. ಸ್ಪೀಕರ್ ನಿಂತಿತು. ಹಲಗೆ ನಿಂತಿತು.

ನಾನು ನಿಂತೆ.

ಎಲ್ಲರೂ ನಗುತ್ತ ಬಾಯಲ್ಲೇ ಎಣಿಸಿ ಮುಂದುವರಿಸಲು ನೋಡಿದರು. ಆದರೆ ನಾನಿದ್ದಲ್ಲಿ ದುಂಡು ತಡೆಯಿತು. ಒಬ್ಬೊಬ್ಬರಾಗಿ ಎಣಿಕೆ ಬಿಟ್ಟರು. ಭವನ ಗಪ್ ಆಯಿತು. ಮೂವತ್ತು ಮಂದಿ ನನ್ನ ಕಾಲು ನೋಡುತ್ತಿದ್ದಾರೆ. ಹಣೆಯ ಹೊಲಿಗೆಯ ಜಾಗ ಚುರುಗುಟ್ಟಿತು. ಮುಂದಕ್ಕೆ ಜೋರು ಮಾಡಿದರೆ ಬೀಳುತ್ತೇನೆಂದು ಗೊತ್ತು. ಕಂಡಕ್ಟರ್ ನನ್ನ ತೋಳು ಹಿಡಿಯಲು ಬಂದರು. ಶಾಂತವ್ವ ಅವರನ್ನು ಕಣ್ಣಲ್ಲೇ ತಡೆದಳು.

ಅವಳು ಎರಡೂ ಕೈ ಅಂಗಾತ ಮಾಡಿ ನನ್ನ ಮುಂದೆ ಹಿಡಿದಳು. ಹತ್ತಿರ ಬರಲಿಲ್ಲ. ಹಿಡಿದು ಸುಮ್ಮನೆ ನಿಂತಳು.

"ನಾ ಎಳಿಯೂದಿಲ್ಲ," ಅಂದಳು. "ಇದನ್ನ ಒಬ್ಬಾಕಿಗೆ ತಿರಗಾಕ ನನಗೂ ಬರೂದಿಲ್ಲ. ಒಂದ ತಿಂಗಳಾತು, ನಿಮ್ಮ ಜಾಗದ ಮುಂದ ಬಂದಾಗೆಲ್ಲ ನಾನೂ ಬೀಳೂವಂಗ ಆಗೇತಿ."

ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಆ ತಿರುವಿನಲ್ಲಿ ಯಾರೂ ಯಾರನ್ನೂ ನಡೆಸುವುದಿಲ್ಲ. ಇವರು ಬಿಟ್ಟರೆ ಅವರು ಬೀಳುತ್ತಾರೆ, ಅವರು ಬಿಟ್ಟರೆ ಇವರು. ನನ್ನ ಬಲಗೈ ನಡುಗುತ್ತಿತ್ತು. ಅದನ್ನು ಬೆನ್ನ ಹಿಂದಿನಿಂದ ತೆಗೆದು ಅವಳ ಕೈಯೊಳಗೆ ಇಟ್ಟೆ. ಬೆರಳಿಗೆ ಬೆರಳು ತಾಗಿತು. ಇಷ್ಟು ವರ್ಷ ಕಂಡಿಕೆ ಸುತ್ತಿ ಅವಳ ತೋರುಬೆರಳಿನಲ್ಲಿ ನೂಲು ಕೊರೆದ ಗೆರೆ ಬಿದ್ದಿದೆ. ಅದು ಅಷ್ಟು ಆಳವಿದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ನಡುಕ ಅವಳ ಮುಂಗೈಗೆ ಹೋಯಿತು. ಅವಳ ಗಾಜಿನ ಬಳೆ ಸದ್ದು ಮಾಡತೊಡಗಿದವು. ಕಿಣಿ ಕಿಣಿ ಕಿಣಿ ಕಿಣಿ. ಗಪ್ಪಾದ ಭವನದಲ್ಲಿ ಅದೊಂದೇ ಸದ್ದು. ನಾನು ಮುಚ್ಚಿಟ್ಟುಕೊಂಡು ತಿರುಗಿದ ನಡುಕ ಮೂವತ್ತು ಮಂದಿಗೆ ಕೇಳುತ್ತಿತ್ತು. ಕೈ ಬಿಡಿಸಿಕೊಳ್ಳಬೇಕೆನ್ನಿಸಿತು. ಬಿಡಿಸಿಕೊಳ್ಳಲಿಲ್ಲ. ಎಣಿಸಿದೆ. ನಾಲ್ಕು ಕಿಣಿಗೆ ಒಂದು ಹೆಜ್ಜೆ ಎಂದು ಮನಸ್ಸಿನಲ್ಲಿ ಹಿಡಿದೆ. ಒಂದು. ಎಡಗಾಲು ಎದ್ದಿತು. ಎರಡು. ಬಲಗಾಲು ಬಂತು. ಅವಳು ಹಿಂದಕ್ಕೆ ವಾಲಿದಳು, ನಾನೂ ವಾಲಿದೆ, ಇಬ್ಬರೂ ತಿರುಗಿದೆವು.

ಅಕ್ಕೋರು ಗಟ್ಟಿಯಾಗಿ "ಮೂರು" ಅಂದರು. ಭವನವೆಲ್ಲ "ನಾಲ್ಕು" ಅಂದಿತು. ದುಂಡು ಸರಿಯಿತು. ಮುಂದೆ ಕಸ್ತೂರಮ್ಮ ಕೈ ಚಾಚಿ ನಿಂತಿದ್ದರು. ಕೊಟ್ಟೆ.

ಇದಾಗಿ ಎರಡು ವರ್ಷವಾಯಿತು. ಬ್ಯಾನಿ ಹೋಗಿಲ್ಲ. ಗುಳಿಗೆ ಮೂರರಿಂದ ನಾಲ್ಕು ಹೊತ್ತಾಗಿದೆ. ಕೆಲವು ದಿನ ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷ ನನ್ನ ಹತ್ತಿರ ಯಾರೂ ಸುಳಿಯದಿದ್ದರೆ ಅವರಿಗೇ ಒಳ್ಳೆಯದು. ಆಸ್ಪತ್ರೆಗೆ ಹೋದಾಗ ಭೀಮಪ್ಪ ಸಿಗುತ್ತಾರೆ. ಹೋದ ಸಲ ಅವರೇ ಬಾಗಿಲಲ್ಲಿ ನಿಂತಿದ್ದರು, ಅವರ ಡಬ್ಬಿ ತಗೊಂಡು ನಾನು ಬಾರಿಸಿದೆ. ತಾಳ ತಪ್ಪಿದೆ ಎಂದು ಒಳಗೆ ಹೋಗುತ್ತಲೇ ಬೈದರು. ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಹೀಗೆ ಹೊಸ್ತಿಲಲ್ಲಿ ನಿಂತರೆ, ದಯವಿಟ್ಟು ದೂಡಬೇಡಿ, ಜಗ್ಗಬೇಡಿ. ಬೇಗ ಬೇಗ ಎಂದು ಕೂಗಬೇಡಿ. ಅವರಿಗೆ ಕೇಳಿಸುವ ಹಾಗೆ ಏನಾದರೂ ಬಾರಿಸಿ, ಒಂದು ತಾಳ ಸಾಕು.

ಹೋದ ತಿಂಗಳು ಈರಣ್ಣ ಕಾರ್ಖಾನೆಯ ಕೀಲಿ ತೆಗೆದು, ದಿನಾ ಮುಂಜಾನೆ ಎರಡು ತಾಸು ಬಂದು ಬಟ್ಟೆ ನೋಡು ಅಂದ. ನೇಯ್ದ ಸೀರೆ ಹಾಸಿ ತಪ್ಪು ಹುಡುಕುವ ಕೆಲಸ. ಮಗ್ಗದ ಹತ್ತಿರ ಹೋಗಬಾರದೆಂದು ನೆಲಕ್ಕೆ ಬಿಳಿ ಬಣ್ಣದ ಗೆರೆ ಎಳೆದಿದ್ದಾನೆ. ನಾನು ಒಪ್ಪಿಕೊಂಡೆ. ಮೂರನೆಯ ಮಗ್ಗದ ಸದ್ದು ಕೆಟ್ಟದ್ದನ್ನು ಮೊದಲ ದಿನವೇ ಹೇಳಿದೆ.

ಮೊನ್ನೆ ಕರೆಂಟು ಹೋಯಿತು. ನಾನು ಮಡಿಸಿದ ಸೀರೆ ಇಟ್ಟು ಗೆರೆಗುಂಟ ಬಾಗಿಲ ಕಡೆ ಹೊರಟಿದ್ದೆ, ಗೆರೆಯ ಮೇಲೆ ನಿಂತುಬಿಟ್ಟೆ. ಶಾಂತವ್ವ ಒಳಗೆ ಮನೆಯಲ್ಲಿದ್ದಳು. ಹತ್ತಿರ ಇದ್ದವನು ಈರಣ್ಣ. ಅವನು ಬರಲು ಹಿಂದೆಮುಂದೆ ನೋಡುತ್ತಿದ್ದ. ಹಿಂದೆ ಎಷ್ಟೋ ಸಲ ನಾನು ಅವನ ಕೈ ದೂಡಿದ್ದೇನೆ. ನಾನೇ ಅಂಗೈ ಮೇಲೆ ಮಾಡಿ ಚಾಚಿದೆ. ನಮ್ಮ ಕಾರ್ಖಾನೆಯ ಕೈಮಾತಿನಲ್ಲಿ ಅಂಥದೊಂದು ಇರಲಿಲ್ಲ. ಆದರೂ ಅವನಿಗೆ ತಿಳಿಯಿತು.

ಬಂದು ಹಿಡಿದ. ಹಿಡಿದವನ ಕೈಯಲ್ಲಿ ಏನಿದೆ ಎಂದು ನಾನು ನೋಡಿದೆ. ನನಗೆ ತಿಳಿಯಬೇಕಾದದ್ದು ಅದೊಂದೇ, ಎರಡು ವರ್ಷದಿಂದ, ಇಲ್ಲ, ನಮ್ಮಪ್ಪ ಕೂತ ದಿನದಿಂದ. ಕೈಯಲ್ಲಿ ಅವಸರ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ಮಗ್ಗ ನಿಂತಿದ್ದವು, ಎಲ್ಲೋ ಫೋನು ಬಡಿದುಕೊಳ್ಳುತ್ತಿತ್ತು, ಅವನು ಒಂದಿಷ್ಟು ಮುಂದಕ್ಕೆ ಜಗ್ಗಿದ. ನಾನು ಅಪ್ಪನನ್ನು ಜಗ್ಗಿದ ಹಾಗೆಯೇ. ನಮ್ಮಪ್ಪ ಸುಮ್ಮನಾಗಿದ್ದರು. ನಾನು ಸುಮ್ಮನಾಗಲಿಲ್ಲ.

"ಎಳೀಬ್ಯಾಡಲೇ," ಅಂದೆ. "ಎಣಸು."

ಈರಣ್ಣ ನನ್ನ ಮುಖ ನೋಡಿದ. ನಿಂತ ಮಗ್ಗಗಳ ನಡುವೆ, ಕೆಲಸದವರೆಲ್ಲ ಕೇಳುವ ಹಾಗೆ, ನಾಚುತ್ತ, "ಒಂದು," ಅಂದ.